‘ನೋಟಿಸ್ ಕೊಟ್ಟಾಯ್ತು’ ಅನ್ನುವ ಮನೆ ಮಾಲೀಕರಿಗೆ ಒಂದು ಬಹಿರಂಗ ಪತ್ರ

ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರು ಸೇರಿ ನಮ್ಮ ಎಲ್ಲ ಊರುಗಳಲ್ಲಿ ಮನೆ ಬಾಡಿಗೆಗೆ ಕೊಟ್ಟಿರುವವರಿಗೆ ನಮಸ್ಕಾರ.

ನಾನು ಸಿವಿಲ್ ಕೋರ್ಟುಗಳಲ್ಲಿ ಕೆಲಸ ಮಾಡುವ ವಕೀಲೆ. ಮನೆ ಖಾಲಿ ಮಾಡಿಸುವ ದಾವೆಗಳಲ್ಲಿ ಮಾಲೀಕರ ಪರವಾಗಿ ನಿಂತಿದ್ದೇನೆ, ಬಾಡಿಗೆದಾರರ ಪರವಾಗಿಯೂ ನಿಂತಿದ್ದೇನೆ. ಆದ್ದರಿಂದ ಈ ಪತ್ರ ನಿಮ್ಮ ವಿರುದ್ಧ ಬರೆದದ್ದು ಅಂದುಕೊಳ್ಳಬೇಡಿ. ಮನೆ ನಿಮ್ಮದು. ಸಾಲ ಮಾಡಿ ಕಟ್ಟಿದವರಿದ್ದೀರಿ. ಪಿಂಚಣಿ ಇಲ್ಲದೆ ಬಾಡಿಗೆಯಲ್ಲೇ ಬದುಕುವ ಹಿರಿಯರಿದ್ದೀರಿ. ಮಗನಿಗೋ ಮಗಳಿಗೋ ಮನೆ ಬೇಕಾದಾಗ ವಾಪಸ್ ಕೇಳುವ ಹಕ್ಕು ನಿಮಗಿದೆ. ನಾನು ಕೇಳಿಕೊಳ್ಳುವುದು ಒಂದೇ ಒಂದು ಮಾತು. ಮನೆ ಖಾಲಿ ಮಾಡಿ ಅಂತ ಹೇಳುವ ಕಾಗದ ಆ ಮನೆಯಲ್ಲಿ ಇರುವವರ ಕೈಗೆ ನಿಜವಾಗಿ ತಲುಪಲಿ. ಫೈಲಿನಲ್ಲಿ ತಲುಪಿದಂತೆ ಕಂಡರೆ ಸಾಲದು.

ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ಎಷ್ಟೋ ಬಾಡಿಗೆದಾರರು ನಮ್ಮ ಆಫೀಸಿಗೆ ಬರುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ಒಬ್ಬ ಹೆಣ್ಣುಮಗಳು ಬಂದಿದ್ದರು. ಕೋರ್ಟಿನ ಕಾಗದ, ಆದೇಶ ಜಾರಿ ಮಾಡುವ ಅಮೀನರು ಮನೆ ಬಿಡಿಸುವ ಡೆಲಿವರಿ ವಾರಂಟ್ ಹಿಡಿದು ಬಾಗಿಲಿಗೆ ಬಂದಾಗಲೇ ತಮ್ಮ ಮೇಲೆ ಕೇಸಿತ್ತು ಅಂತ ಅವರಿಗೆ ಗೊತ್ತಾಗಿದ್ದು. ಫೈಲ್ ತೆಗೆಸಿ ನೋಡಿದೆ. ವಕೀಲರ ನೋಟಿಸ್ ‘ಡೋರ್ ಲಾಕ್’ ಅಂತ ಷರಾ ಬಿದ್ದು ವಾಪಸ್ ಹೋಗಿದೆ. ದಾವೆಗೆ ಬಂದು ಉತ್ತರ ಕೊಡಿ ಅಂತ ಕೋರ್ಟು ಕಳಿಸುವ ಸಮನ್ಸ್ ಕೂಡ ಹಾಗೇ. ಆಮೇಲೆ ‘ಪ್ರತಿವಾದಿ ವಿಳಾಸದಲ್ಲಿ ಸಿಗುತ್ತಿಲ್ಲ’ ಅಂತ ಒಂದು ಅರ್ಜಿ, ಪೇಪರಿನಲ್ಲಿ ಪ್ರಕಟಣೆ, ಎಕ್ಸ್‌ಪಾರ್ಟಿ (ಅವರು ಬಾರದೆಯೇ ಕೇಸು ನಡೆಯುವುದು), ಕೊನೆಗೆ ಡಿಕ್ರಿ, ಅಂದರೆ ಕೋರ್ಟಿನ ತೀರ್ಪಿನ ಆದೇಶ. ಬೆಳಗ್ಗೆ ಏಳೂವರೆಗೆ ಮನೆ ಬಿಟ್ಟು ಕತ್ತಲಾದ ಮೇಲೆ ವಾಪಸ್ ಬರುವವರ ಮನೆಗೆ ಪೋಸ್ಟ್‌ಮ್ಯಾನ್ ಮಧ್ಯಾಹ್ನ ಬಂದರೆ ಬೀಗವೇ ಕಾಣುವುದು. ಅದರಲ್ಲಿ ಪೋಸ್ಟ್‌ಮ್ಯಾನ್ ತಪ್ಪೇನೂ ಇಲ್ಲ. ಆದರೆ ಮಾಲೀಕರು ಇದ್ದದ್ದು ಅದೇ ಕಟ್ಟಡದ ಕೆಳಗಿನ ಮನೆಯಲ್ಲಿ! ಅಷ್ಟೂ ತಿಂಗಳ ಬಾಡಿಗೆ ಅವರ ಖಾತೆಗೆ ಹೋಗಿದೆ. ನೀರಿನ ಮೋಟರ್ ಹಾಕುವಾಗ, ಕಸದ ಗಾಡಿ ಬಂದಾಗ ಇಬ್ಬರೂ ಮಾತಾಡಿದ್ದಾರೆ. ಕೋರ್ಟಿಗೆ ಮಾತ್ರ ಸಿಗುತ್ತಿಲ್ಲ ಅಂತ ಬರೆದುಕೊಟ್ಟಿದ್ದಾರೆ.

ಇದನ್ನು ಅನ್ಯಾಯ ಅನ್ನದೆ ಬೇರೆ ಏನೂ ಅನ್ನಲು ನನಗೆ ಬರುವುದಿಲ್ಲ. ಮನೆ ಬಿಡಬೇಕಾದವರಿಗೆ ನೂರೆಂಟು ಕೆಲಸ ಇರುತ್ತದೆ. ಹೊಸ ಮನೆ ಹುಡುಕಬೇಕು. ಹಳೆ ಅಡ್ವಾನ್ಸ್ ಕೈಗೆ ಬರುವ ಮೊದಲೇ ಹೊಸ ಅಡ್ವಾನ್ಸ್ ಹೊಂದಿಸಬೇಕು. ಮಕ್ಕಳ ಶಾಲೆ ದೂರವಾಗುತ್ತದಾ ಅಂತ ನೋಡಬೇಕು. ವಯಸ್ಸಾದ ಅತ್ತೆಗೆ ಮೆಟ್ಟಿಲು ಹತ್ತಲು ಆಗುತ್ತದಾ ಅಂತ ನೋಡಬೇಕು. ಇದಕ್ಕೆಲ್ಲ ಕಾನೂನು ಕೊಟ್ಟಿರುವ ಸಮಯವೇ ಕಮ್ಮಿ. ಆ ಸಮಯವನ್ನೂ ಅವರಿಗೆ ಗೊತ್ತಾಗದ ಹಾಗೆ ಕಳೆದುಬಿಟ್ಟರೆ ಹೇಗೆ?

ಕಾನೂನು ಏನು ಹೇಳುತ್ತದೆ ಅಂತ ಸ್ವಲ್ಪ ಹೇಳುತ್ತೇನೆ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಒಂದಿದೆ. ಆದರೆ ಬೆಂಗಳೂರಿನಂಥ ದೊಡ್ಡ ಊರಿನಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ದಾಟಿದರೆ, ಬೇರೆ ಕಡೆ 2,000 ದಾಟಿದರೆ ಆ ಕಾಯ್ದೆ ಅನ್ವಯಿಸುವುದಿಲ್ಲ. ಇವತ್ತು ಆ ಬಾಡಿಗೆಗೆ ಮನೆ ಎಲ್ಲಿದೆ ಹೇಳಿ? ಹಾಗಾಗಿ ನಮ್ಮಲ್ಲಿ ಹೆಚ್ಚಿನ ಬಾಡಿಗೆ ಮನೆಗಳಿಗೆ ಅನ್ವಯಿಸುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆ, ಅದರ ಸೆಕ್ಷನ್ 106. ತಿಂಗಳ ಬಾಡಿಗೆಯ ಮನೆಯನ್ನು ಬಿಡಿಸಬೇಕಾದರೆ 15 ದಿನಗಳ ನೋಟಿಸ್ ಕೊಡಬೇಕು. ನಿಮ್ಮ ಕರಾರಿನಲ್ಲಿ ಒಂದು ತಿಂಗಳು, ಎರಡು ತಿಂಗಳು ಅಂತ ಬರೆದುಕೊಂಡಿದ್ದರೆ ಅದೇ ನಡೆಯುತ್ತದೆ. ಏಕೆಂದರೆ ಕರಾರಿನಲ್ಲಿ ಬೇರೆ ಮಾತು ಇಲ್ಲದಿದ್ದಾಗ ಮಾತ್ರ ಈ 15 ದಿನದ ಲೆಕ್ಕ.

ಇನ್ನೊಂದು ತಪ್ಪು ಕಲ್ಪನೆ ಇದೆ. ‘11 ತಿಂಗಳ ಅಗ್ರಿಮೆಂಟ್ ಮುಗಿದಿದೆ, ನೋಟಿಸ್ ಯಾಕೆ?’ ಅಂತ ಕೇಳುತ್ತಾರೆ. ಅವಧಿ ಮುಗಿದ ದಿನವೇ ಮನೆ ಕೇಳಿದ್ದರೆ ಆ ಮಾತು ಸರಿ. ಆದರೆ ಅಗ್ರಿಮೆಂಟ್ ಮುಗಿದು ಎರಡು ವರ್ಷವಾಗಿದೆ, ಪ್ರತಿ ತಿಂಗಳು ಬಾಡಿಗೆ ತೆಗೆದುಕೊಂಡಿದ್ದೀರಿ. ಆಗ ಅದು ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆ ಆಗುತ್ತದೆ. ನೋಟಿಸ್ ಬೇಕೇ ಬೇಕು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಮೊದಲೆಲ್ಲ ಈ ನೋಟಿಸಿನ ಲೆಕ್ಕ ಬಹಳ ಕಠಿಣವಾಗಿತ್ತು. ಬಾಡಿಗೆ ತಿಂಗಳು ಯಾವತ್ತು ಮುಗಿಯುತ್ತದೋ ಅವತ್ತಿಗೇ ನೋಟಿಸಿನ ಅವಧಿ ಮುಗಿಯಬೇಕಿತ್ತು. ಒಂದು ದಿನ ಆಚೀಚೆ ಆದರೂ ದಾವೆ ಬಿದ್ದುಹೋಗಬಹುದಿತ್ತು. ನ್ಯಾಯವಾದ ಕೇಸಿದ್ದೂ ಮಾಲೀಕರು ಸೋಲುತ್ತಿದ್ದರು. 2002ರ ಡಿಸೆಂಬರ್ 31ರಿಂದ ಜಾರಿಗೆ ಬಂದ ತಿದ್ದುಪಡಿ ಅದನ್ನು ಸಡಿಲ ಮಾಡಿತು. ನೋಟಿಸಿನಲ್ಲಿ ಬರೆದ ದಿನಗಳು ಕಡಿಮೆ ಬಿದ್ದರೂ ಪರವಾಗಿಲ್ಲ, ಪೂರ್ತಿ ಅವಧಿ ಮುಗಿದ ಮೇಲೆ ದಾವೆ ಹಾಕಿದ್ದರೆ ಸಾಕು ಅಂತ ಹೇಳಿತು. ಮಾಲೀಕರಿಗೆ ಇದು ದೊಡ್ಡ ಅನುಕೂಲ. ಆದರೆ ಅದೇ ತಿದ್ದುಪಡಿ ಇನ್ನೊಂದು ಮಾತೂ ಸೇರಿಸಿತು. 15 ದಿನಗಳ ಎಣಿಕೆ ಶುರುವಾಗುವುದು ನೋಟಿಸ್ ಕೈಸೇರಿದ ದಿನದಿಂದ. ನೀವು ಬರೆದ ದಿನದಿಂದಲ್ಲ, ಪೋಸ್ಟ್ ಮಾಡಿದ ದಿನದಿಂದಲೂ ಅಲ್ಲ.

ಇದನ್ನು ಎಷ್ಟೋ ವಕೀಲರೇ ಗಮನಿಸುವುದಿಲ್ಲ. ತಾರೀಖಿನ ತಪ್ಪುಗಳನ್ನು ಕಾನೂನು ಮನ್ನಿಸಿತು. ತಲುಪಿಸುವ ಹೊಣೆಯನ್ನು ಮಾತ್ರ ಇನ್ನಷ್ಟು ಗಟ್ಟಿ ಮಾಡಿತು. ಯಾವತ್ತು ತಲುಪಿತು ಅಂತಲೇ ಹೇಳಲು ಆಗದಿದ್ದರೆ 15 ದಿನ ಯಾವತ್ತಿಗೆ ಮುಗಿಯಿತು ಅಂತ ಹೇಗೆ ಹೇಳುತ್ತೀರಿ?

ತಲುಪಿಸುವ ದಾರಿಗಳನ್ನೂ ಅದೇ ಸೆಕ್ಷನ್ ಹೇಳಿದೆ. ನೋಟಿಸ್ ಬರಹದಲ್ಲಿರಬೇಕು, ಕೊಡುವವರ ಅಥವಾ ಅವರ ಪರವಾದವರ ಸಹಿ ಇರಬೇಕು. ಅಂಚೆಯಲ್ಲಿ ಕಳಿಸಬಹುದು. ಬಾಡಿಗೆದಾರರ ಕೈಗೇ ಕೊಡಬಹುದು. ಅವರ ಮನೆಯಲ್ಲಿ ಕುಟುಂಬದವರಿಗೋ ಕೆಲಸದವರಿಗೋ ಕೊಡಬಹುದು. ಹಾಗೆ ಕೈಗೆ ಕೊಡುವುದು ಸಾಧ್ಯವೇ ಆಗದಿದ್ದರೆ ಮನೆಯ ಎದ್ದು ಕಾಣುವ ಜಾಗದಲ್ಲಿ ಅಂಟಿಸಬಹುದು. ಈ ‘ಸಾಧ್ಯವೇ ಆಗದಿದ್ದರೆ’ ಅನ್ನುವ ಮಾತನ್ನು ದಯವಿಟ್ಟು ಎರಡು ಸಲ ಓದಿ. ಒಂದೇ ಒಂದು ಮಧ್ಯಾಹ್ನ ಬಾಗಿಲು ಬಡಿದು, ಯಾರೂ ತೆಗೆಯಲಿಲ್ಲ ಅಂತ ಅಂಟಿಸಿ, ಮೊಬೈಲಿನಲ್ಲಿ ಫೋಟೊ ತೆಗೆದು, ಐದು ನಿಮಿಷದಲ್ಲಿ ಕಿತ್ತುಕೊಂಡು ಹೋದದ್ದನ್ನು ನಾನು ಕೇಳಿ ಬಲ್ಲೆ. ಅದು ತಲುಪಿಸುವುದಲ್ಲ.

ಕೈಗೆ ಕೊಡುವುದಕ್ಕಿಂತ ಸುಲಭದ ದಾರಿ ಯಾವುದಿದೆ ಹೇಳಿ? ಭಾನುವಾರ ಬೆಳಗ್ಗೆ ಹೋಗಿ. ಎರಡು ಪ್ರತಿ ತೆಗೆದುಕೊಂಡು ಹೋಗಿ. ಒಂದನ್ನು ಅವರಿಗೆ ಕೊಟ್ಟು, ಇನ್ನೊಂದರ ಮೇಲೆ ‘ತಲುಪಿದೆ’ ಅಂತ ತಾರೀಖು ಹಾಕಿಸಿ ಸಹಿ ಪಡೆಯಿರಿ. ಪಕ್ಕದವರೊಬ್ಬರು ಸಾಕ್ಷಿ ಇರಲಿ. ಸಹಿ ಹಾಕಲ್ಲ ಅಂದರೆ ಅವತ್ತೇ ಅಂಚೆಯಲ್ಲೂ ಕಳಿಸಿ. ಮಾಲೀಕರು ಯಾಕೋ ಇದಕ್ಕೆ ಹಿಂಜರಿಯುತ್ತಾರೆ. ಮುಖ ಕೊಟ್ಟು ಹೇಳಲು ಸಂಕೋಚ, ಜಗಳ ಆದೀತು ಅನ್ನುವ ಭಯ. ಅದು ನನಗೆ ಅರ್ಥವಾಗುತ್ತದೆ. ಆದರೆ ಐದು ನಿಮಿಷದ ಸಂಕೋಚ ತಪ್ಪಿಸಿಕೊಳ್ಳಲು ಹೋಗಿ ಐದು ವರ್ಷ ಕೋರ್ಟಿಗೆ ಅಲೆಯುವವರನ್ನೂ ನೋಡಿದ್ದೇನೆ.

ಅಂಚೆಯ ವಿಷಯದಲ್ಲಿ ಈಗ ಒಂದು ಬದಲಾವಣೆ ಆಗಿದೆ. 2025ರ ಸೆಪ್ಟೆಂಬರ್ 1ರಿಂದ ಅಂಚೆ ಇಲಾಖೆ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟ್ ಜೊತೆ ಸೇರಿಸಿದೆ. ಬರೀ ಸ್ಪೀಡ್ ಪೋಸ್ಟ್ ಮಾಡಿದರೆ ಅದು ಆ ವಿಳಾಸಕ್ಕೆ ತಲುಪುತ್ತದೆ, ಅಲ್ಲಿ ಯಾರು ತೆಗೆದುಕೊಂಡರು ಅನ್ನುವುದು ಬೇರೆ ಮಾತು. ಹೆಸರಿದ್ದವರಿಗೇ ಕೊಡಬೇಕು ಅಂದರೆ ಕೌಂಟರಿನಲ್ಲಿ ರಿಜಿಸ್ಟ್ರೇಷನ್ ಬೇಕು ಅಂತ ಕೇಳಿ ಹಾಕಿಸಬೇಕು. ಅಂಚೆಯಲ್ಲಿ ಕಳಿಸಿದ್ದನ್ನು ತಲುಪಿದೆ ಅಂತ ಭಾವಿಸುವ ನಿಯಮ ಇರುವುದು 1897ರ ಜನರಲ್ ಕ್ಲಾಸಸ್ ಕಾಯ್ದೆಯ ಸೆಕ್ಷನ್ 27ರಲ್ಲಿ. ಅದು ಹೇಳುವುದು ರಿಜಿಸ್ಟರ್ಡ್ ಪೋಸ್ಟ್ ಬಗ್ಗೆ. ಕೆಲವು ರೂಪಾಯಿ ಉಳಿಸಲು ಹೋಗಿ ಈ ರಕ್ಷಣೆ ಕಳೆದುಕೊಳ್ಳಬೇಡಿ.

ಆ ಸೆಕ್ಷನ್ ಇನ್ನೂ ಒಂದು ಷರತ್ತು ಹಾಕಿದೆ. ವಿಳಾಸ ಸರಿಯಾಗಿರಬೇಕು. ನಮ್ಮ ಊರುಗಳಲ್ಲಿ ಜಾಸ್ತಿ ಎಡವಟ್ಟಾಗುವುದು ಇಲ್ಲೇ. 30x40 ಸೈಟಿನಲ್ಲಿ ನಾಲ್ಕು ಅಂತಸ್ತು, ಅಂತಸ್ತಿಗೆ ಎರಡು ಮನೆ, ಎಲ್ಲಕ್ಕೂ ಒಂದೇ ಡೋರ್ ನಂಬರ್. ಹಳೆ ನಂಬರ್ ಒಂದು, ಹೊಸ ನಂಬರ್ ಒಂದು. ಒಂದೇ ಬಡಾವಣೆಯಲ್ಲಿ ಎರಡು ಕಡೆ ‘4ನೇ ಕ್ರಾಸ್’. ಪೋಸ್ಟ್‌ಮ್ಯಾನ್ ಕೆಳಗೆ ನಿಂತು ಹೆಸರು ಕೂಗುತ್ತಾರೆ, ಮೂರನೇ ಮಹಡಿಗೆ ಕೇಳಿಸುವುದಿಲ್ಲ. ಆದ್ದರಿಂದ ಯಾವ ಮಹಡಿ, ಮೆಟ್ಟಿಲು ಹತ್ತಿದ ಮೇಲೆ ಎಡಗಡೆಯೋ ಬಲಗಡೆಯೋ, ಬಾಡಿಗೆದಾರರ ಫೋನ್ ನಂಬರ್, ಎಲ್ಲವನ್ನೂ ಕವರಿನ ಮೇಲೆ ಬರೆಯಿರಿ. ಆ ಮನೆ ಕಟ್ಟಿಸಿದವರೇ ನೀವು, ನಿಮಗಿಂತ ಚೆನ್ನಾಗಿ ದಾರಿ ಯಾರಿಗೆ ಗೊತ್ತು? ಹಾಗೆಯೇ ಅಗ್ರಿಮೆಂಟಿನಲ್ಲಿ ಅವರ ಆಧಾರ್ ವಿಳಾಸ ಹಾಸನದ್ದೋ ಕಲಬುರಗಿಯದ್ದೋ ಇದ್ದರೆ ಅಲ್ಲಿಗೆ ಮಾತ್ರ ಕಳಿಸಿ ಕೈತೊಳೆದುಕೊಳ್ಳಬೇಡಿ. ಅವರು ಇರುವುದು ನಿಮ್ಮ ಮನೆಯಲ್ಲಿ.

ಅಪಾರ್ಟ್‌ಮೆಂಟ್ ಆದರೆ ಇನ್ನೊಂದು ತೊಡಕು. ಗೇಟಿನಲ್ಲಿರುವ ಸೆಕ್ಯೂರಿಟಿಯವರು ಸಹಿ ಹಾಕಿ ಕವರ್ ತೆಗೆದುಕೊಂಡುಬಿಡುತ್ತಾರೆ. ಅವರು ಬಾಡಿಗೆದಾರರ ಕುಟುಂಬದವರಲ್ಲ, ಅವರ ಮನೆ ಕೆಲಸದವರೂ ಅಲ್ಲ. ಆ ಕವರ್ ವಿದ್ಯುತ್ ಬಿಲ್ಲುಗಳ ನಡುವೆ ವಾರಗಟ್ಟಲೆ ಬಿದ್ದಿರಬಹುದು. ಫೋನ್ ಮಾಡಿ ‘ಗೇಟಿನಲ್ಲಿ ಒಂದು ಕವರ್ ಬಂದಿದೆ, ತೆಗೆದುಕೊಳ್ಳಿ’ ಅಂತ ಹೇಳಲು ಏನು ಕಷ್ಟ?

ನೋಟಿಸ್ ಆದ ಮೇಲೂ ಮನೆ ಖಾಲಿ ಆಗದಿದ್ದರೆ ದಾವೆ. ಬೆಂಗಳೂರಿನಲ್ಲಿ ಸಾಮಾನ್ಯವಾಗಿ ಸ್ಮಾಲ್ ಕಾಸಸ್ ಕೋರ್ಟಿಗೆ ಹೋಗುತ್ತದೆ. ಇಲ್ಲಿಂದ ಸಮನ್ಸಿನ ಕಥೆ. ಸಮನ್ಸ್ ಹೇಗೆ ಜಾರಿ ಮಾಡಬೇಕು ಅನ್ನುವುದನ್ನು ಸಿವಿಲ್ ಪ್ರಕ್ರಿಯಾ ಸಂಹಿತೆಯ 5ನೇ ಆರ್ಡರ್ ಒಂದೊಂದು ಹೆಜ್ಜೆಯಾಗಿ ಹೇಳಿದೆ. 1908ರ ಸಂಹಿತೆಯಾದರೂ ಅದನ್ನು ಬರೆದವರಿಗೆ ಜನರ ಬಗ್ಗೆ ಕಾಳಜಿ ಇತ್ತು ಅಂತ ಓದಿದಾಗೆಲ್ಲ ಅನಿಸುತ್ತದೆ. ಆದಷ್ಟೂ ಪ್ರತಿವಾದಿಯ ಕೈಗೇ ಕೊಡಬೇಕು. ಅವರು ಮನೆಯಲ್ಲಿಲ್ಲ, ಸದ್ಯಕ್ಕೆ ಸಿಗುವ ಹಾಗೂ ಇಲ್ಲ ಅಂದರೆ ಜೊತೆಗಿರುವ ವಯಸ್ಕ ಕುಟುಂಬದವರಿಗೆ ಕೊಡಬಹುದು. ಮನೆ ಕೆಲಸದವರು ಕುಟುಂಬದವರಲ್ಲ ಅಂತ ಅಲ್ಲಿ ಬಿಡಿಸಿ ಹೇಳಿದೆ. ಅಂದರೆ ವಕೀಲರ ನೋಟಿಸನ್ನು ಕೆಲಸದವರ ಕೈಗೆ ಕೊಡಬಹುದು, ಕೋರ್ಟಿನ ಸಮನ್ಸನ್ನು ಕೊಡುವಂತಿಲ್ಲ. ಈ ವ್ಯತ್ಯಾಸ ಗೊತ್ತಿಲ್ಲದೆ ಎಷ್ಟು ಕೇಸು ಹಿಂದೆ ಬಂದಿವೆಯೋ!

ಇನ್ನೊಂದು ಸಂಗತಿ ಹೇಳಲೇಬೇಕು. 1976ರ ತಿದ್ದುಪಡಿಗೆ ಮೊದಲು ಕುಟುಂಬದ ಗಂಡಸರಿಗೆ ಮಾತ್ರ ಸಮನ್ಸ್ ಕೊಡಬಹುದು ಅಂತಿತ್ತು. ಆ ತಿದ್ದುಪಡಿ ಗಂಡಾಗಲಿ ಹೆಣ್ಣಾಗಲಿ ಅಂತ ಸೇರಿಸಿತು. ಅಷ್ಟು ವರ್ಷ ಕಳೆದ ಮೇಲೂ ಕೆಲವು ಕಡೆ ಬಾಗಿಲು ತೆಗೆದ ಹೆಂಗಸಿಗೆ ‘ಮನೇಲಿ ಗಂಡಸರು ಇಲ್ವಾ?’ ಅಂತ ಕೇಳಿ ವಾಪಸ್ ಹೋಗಿ, ‘ಮನೆಯಲ್ಲಿ ಇಲ್ಲ’ ಅಂತ ಷರಾ ಬರೆಯುವುದಿದೆ. ಬಾಗಿಲಲ್ಲಿ ನಿಂತಿದ್ದವಳು ಆ ಮನೆಯ ಹಿರಿಯಳು. ಅವಳಿಗೆ ಓದಲು ಬರುತ್ತದೆ, ಸಹಿ ಹಾಕಲು ಬರುತ್ತದೆ.

ಬಾಗಿಲಿಗೆ ಅಂಟಿಸುವುದಕ್ಕೂ ಅಲ್ಲಿ ಕಟ್ಟುಪಾಡಿದೆ. ಅಮೀನರು ಸಾಕಷ್ಟು ಶ್ರಮಪಟ್ಟು ಹುಡುಕಿರಬೇಕು. ಅಂಟಿಸಿದ ಮೇಲೆ ಯಾವ ಸಂದರ್ಭದಲ್ಲಿ ಅಂಟಿಸಿದರು, ಮನೆ ಇದೇ ಅಂತ ಯಾರು ತೋರಿಸಿದರು, ಯಾರ ಎದುರಿಗೆ ಅಂಟಿಸಿದರು, ಅವರ ಹೆಸರು ವಿಳಾಸ ಏನು, ಎಲ್ಲವನ್ನೂ ಬರೆದು ಕೋರ್ಟಿಗೆ ವರದಿ ಕೊಡಬೇಕು. ಎಷ್ಟೋ ವರದಿಗಳಲ್ಲಿ ಈ ಹೆಸರುಗಳ ಜಾಗ ಖಾಲಿ ಇರುತ್ತದೆ. ಅಮೀನರನ್ನು ಮಾತ್ರ ದೂರಿ ಪ್ರಯೋಜನವಿಲ್ಲ. ಕೈತುಂಬ ಸಮನ್ಸ್ ಹಿಡಿದು ಬಸ್ಸಿನಲ್ಲಿ ಊರು ಸುತ್ತುವವರು ಅವರು. ಒಂದೇ ಮನೆಗೆ ಮೂರು ಸಲ ಹೋಗಲು ಅವರಿಗೆ ಸಮಯ ಬೇಕು, ಪ್ರಯಾಣದ ಖರ್ಚು ಬೇಕು. ಮಾಲೀಕರಾಗಿ ನೀವು ಅವರ ಜೊತೆ ಹೋಗಿ ಮನೆ ತೋರಿಸಬಹುದು, ಬಾಡಿಗೆದಾರರು ಎಷ್ಟು ಹೊತ್ತಿಗೆ ಸಿಗುತ್ತಾರೆ ಅಂತ ನಿಜ ಹೇಳಬಹುದು. ಬೀಗ ಹಾಕಿರುವ ಹೊತ್ತನ್ನೇ ನೋಡಿ ಕರೆದುಕೊಂಡು ಹೋಗಬೇಡಿ.

ಪೇಪರ್ ಪ್ರಕಟಣೆಯ ಬಗ್ಗೆ ನನಗೆ ಸಿಟ್ಟೇ ಇದೆ. ಊರು ಬಿಟ್ಟು ಹೋದವರಿಗೆ, ಬೇಕಂತಲೇ ತಲೆಮರೆಸಿಕೊಂಡವರಿಗೆ ಅಂತ ಇರುವ ದಾರಿ ಅದು. ಪ್ರತಿವಾದಿ ತಪ್ಪಿಸಿಕೊಳ್ಳುತ್ತಿದ್ದಾರೆ, ಅಥವಾ ಬೇರೆ ಯಾವ ಕಾರಣಕ್ಕೋ ಸಾಮಾನ್ಯ ರೀತಿಯಲ್ಲಿ ಸಮನ್ಸ್ ಜಾರಿ ಮಾಡಲು ಆಗುವುದೇ ಇಲ್ಲ ಅಂತ ಕೋರ್ಟಿಗೆ ಮನವರಿಕೆ ಆಗಬೇಕು. ನಿಮ್ಮ ಮೇಲಿನ ಮನೆಯಲ್ಲೇ ಸಂಸಾರ ಮಾಡಿಕೊಂಡು, ತಿಂಗಳು ತಿಂಗಳು ನಿಮಗೆ ಬಾಡಿಗೆ ಕಟ್ಟುವವರನ್ನು ಪೇಪರಿನ ಒಳಪುಟದ ಸಣ್ಣ ಅಕ್ಷರದಲ್ಲಿ ಹುಡುಕುವುದು ಯಾವ ನ್ಯಾಯ? ಎಷ್ಟು ಮನೆಗೆ ಈಗ ಪೇಪರ್ ಬರುತ್ತದೆ? ಬಂದರೂ ಆ ಪುಟವನ್ನು ಯಾರು ಓದುತ್ತಾರೆ?

ನ್ಯಾಯದ ಮಾತು ಬಿಟ್ಟು ಬರೀ ಲಾಭ ನಷ್ಟ ನೋಡಿದರೂ ಈ ಅಡ್ಡದಾರಿ ನಿಮಗೇ ಮುಳ್ಳು. ಎಕ್ಸ್‌ಪಾರ್ಟಿ ಡಿಕ್ರಿಯನ್ನು ರದ್ದು ಮಾಡಿ ಅಂತ ಅದೇ ಸಂಹಿತೆಯ 9ನೇ ಆರ್ಡರಿನ 13ನೇ ನಿಯಮದ ಕೆಳಗೆ ಅರ್ಜಿ ಹಾಕಬಹುದು. ಅದಕ್ಕೆ 30 ದಿನ ಸಮಯ. ಆದರೆ ಸಮನ್ಸ್ ಸರಿಯಾಗಿ ಜಾರಿ ಆಗಿರದಿದ್ದರೆ ಆ 30 ದಿನ ಶುರುವಾಗುವುದು ಡಿಕ್ರಿ ಆದದ್ದು ಗೊತ್ತಾದ ದಿನದಿಂದ. ಕೋರ್ಟಿಗೆ ಹೋಗಲು ಗಡುವು ಹೇಳುವ ಲಿಮಿಟೇಷನ್ ಕಾಯ್ದೆಯ 123ನೇ ಆರ್ಟಿಕಲ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಪೇಪರ್ ಪ್ರಕಟಣೆಯಂಥ ಬದಲಿ ಜಾರಿಯನ್ನು ಈ ಲೆಕ್ಕಕ್ಕೆ ಸರಿಯಾದ ಜಾರಿ ಅಂತ ಪರಿಗಣಿಸುವುದಿಲ್ಲ ಅಂತಲೇ ಅಲ್ಲಿ ಬರೆದಿದೆ. ಅಂದರೆ ಒಂದು ವರ್ಷದ ಮೇಲೂ ಬಾಡಿಗೆದಾರರು ‘ನನಗೆ ಮೊನ್ನೆ ಗೊತ್ತಾಯಿತು’ ಅಂತ ಬರಬಹುದು. ಡಿಕ್ರಿ ರದ್ದಾದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಸೆಕ್ಷನ್ 144ರ ಕೆಳಗೆ ಮನೆಯನ್ನೂ ವಾಪಸ್ ಕೇಳಬಹುದು. ಅಷ್ಟರಲ್ಲಿ ನೀವು ಬಣ್ಣ ಹೊಡೆಸಿ ಬೇರೆಯವರಿಗೆ ಕೊಟ್ಟಿರುತ್ತೀರಿ. ಆಮೇಲೆ ಮೊದಲ ವಾಯಿದೆಯಿಂದ ಮತ್ತೆ ಶುರು. ಸರಿಯಾಗಿ ನೋಟಿಸ್ ಕೊಟ್ಟು, ಸರಿಯಾಗಿ ಸಮನ್ಸ್ ಜಾರಿ ಮಾಡಿಸಿ, ಎದುರಿಗೆ ನಿಂತು ಗೆದ್ದ ಡಿಕ್ರಿಗೆ ಈ ಭಯ ಇಲ್ಲ.

ಬಾಡಿಗೆದಾರರಲ್ಲೂ ತಪ್ಪಿಸಿಕೊಳ್ಳುವವರು ಇದ್ದಾರೆ. ಇಲ್ಲ ಅನ್ನುವುದಿಲ್ಲ. ಪೋಸ್ಟ್‌ಮ್ಯಾನ್ ಬಂದರೆ ಮಗುವಿನ ಕೈಲಿ ‘ಅಪ್ಪ ಇಲ್ಲ’ ಅಂತ ಹೇಳಿಸುತ್ತಾರೆ. ಅಂಥವರಿಗೆ ಕಾನೂನು ಸಲಿಗೆ ಕೊಟ್ಟಿಲ್ಲ. ‘ತೆಗೆದುಕೊಳ್ಳಲು ನಿರಾಕರಿಸಿದರು’ ಅಂತ ಷರಾ ಬಂದರೆ ಅದು ತಲುಪಿದ ಹಾಗೆಯೇ. 2007ರಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಒಂದು ಚೆಕ್ ಬೌನ್ಸ್ ಕೇಸಿನಲ್ಲಿ ಜನರಲ್ ಕ್ಲಾಸಸ್ ಕಾಯ್ದೆಯ ಸೆಕ್ಷನ್ 27ರ ಬಗ್ಗೆ ವಿವರವಾಗಿ ಹೇಳಿದೆ. ಸರಿಯಾದ ವಿಳಾಸಕ್ಕೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದ್ದರೆ ತಲುಪಿದೆ ಅಂತ ಕೋರ್ಟು ಭಾವಿಸುತ್ತದೆ. ಇಲ್ಲ ಅನ್ನುವವರು ಅದನ್ನು ತೋರಿಸಿಕೊಡಬೇಕು. ಹೀಗೆ ನಿಮ್ಮ ರಕ್ಷಣೆಗೆ ಕಾನೂನೇ ನಿಂತಿರುವಾಗ ಅಡ್ಡದಾರಿ ಯಾಕೆ?

ಇದನ್ನು ಓದುವ ಬಾಡಿಗೆದಾರರಿಗೂ ಒಂದು ಮಾತು. ಸಹಿ ಹಾಕಿ ನೋಟಿಸ್ ತೆಗೆದುಕೊಂಡರೆ ಅದರಲ್ಲಿರುವುದನ್ನು ಒಪ್ಪಿಕೊಂಡ ಹಾಗಲ್ಲ. ಕೈಗೆ ಬಂತು ಅಂತಷ್ಟೇ ಅರ್ಥ. ದಯವಿಟ್ಟು ತೆಗೆದುಕೊಳ್ಳಿ, ಕವರನ್ನೂ ಎಸೆಯಬೇಡಿ, ಅದರ ಮೇಲಿನ ಅಂಚೆ ಮುದ್ರೆ ಬೇಕಾಗುತ್ತದೆ. ಸಮನ್ಸ್ ಬಂದರೆ ನಿಮ್ಮ ಉತ್ತರ ಕೊಡಲು ಸಾಮಾನ್ಯವಾಗಿ 30 ದಿನ ಇರುತ್ತದೆ, ಸುಮ್ನೆ ಕೂರಬೇಡಿ. ವಕೀಲರಿಗೆ ದುಡ್ಡಿಲ್ಲ ಅಂದರೆ 15100 ಸಹಾಯವಾಣಿಗೆ ಫೋನ್ ಮಾಡಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗಬೇಕು ಅಂತ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಹೇಳುತ್ತದೆ. ನಿಮ್ಮ ಮೇಲೆ ಕೇಸಿದೆಯಾ ಅಂತ ಅನುಮಾನ ಬಂದರೆ ಇ-ಕೋರ್ಟ್ಸ್ ಆ್ಯಪಿನಲ್ಲಿ ಹೆಸರು ಹಾಕಿ ಹುಡುಕಬಹುದು.

ಮತ್ತೆ ಮಾಲೀಕರಿಗೆ. ನೋಟಿಸಿನ ಭಾಷೆಯ ಬಗ್ಗೆ ಸೆಕ್ಷನ್ 106 ಏನೂ ಹೇಳುವುದಿಲ್ಲ. ಹಾಗಂತ ಕನ್ನಡ ಮಾತ್ರ ಓದಬಲ್ಲ ಆಟೊ ಚಾಲಕರಿಗೆ ನಾಲ್ಕು ಪುಟದ ಇಂಗ್ಲಿಷ್ ನೋಟಿಸ್ ಕಳಿಸಿದರೆ ಅದು ಕೈಗೆ ತಲುಪಿತು, ತಲೆಗೆ ತಲುಪಲಿಲ್ಲ. ಒಡಿಶಾದಿಂದ ಬಂದ ಹುಡುಗರಿಗೆ ಬರೀ ಕನ್ನಡದಲ್ಲಿ ಕಳಿಸಿದರೂ ಅಷ್ಟೇ. ಇಂಗ್ಲಿಷ್ ನೋಟಿಸಿನ ಮೇಲೆ ಅವರಿಗೆ ತಿಳಿಯುವ ಭಾಷೆಯಲ್ಲಿ ಒಂದು ಪುಟ ಹಚ್ಚಿ. ಯಾವ ಮನೆ, ಎಷ್ಟು ದಿನದಲ್ಲಿ ಬಿಡಬೇಕು, ಬಾಕಿ ಎಷ್ಟು, ಯಾರನ್ನು ಮಾತಾಡಿಸಬೇಕು. ನಾಲ್ಕು ಸಾಲು ಸಾಕು.

ವಾಟ್ಸಾಪ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಕೋವಿಡ್ ಸಮಯದಲ್ಲಿ, 2020ರ ಜುಲೈನಲ್ಲಿ, ಸುಪ್ರೀಂ ಕೋರ್ಟ್ ಇಮೇಲ್, ವಾಟ್ಸಾಪ್ ಮೂಲಕ ನೋಟಿಸ್, ಸಮನ್ಸ್ ಕಳಿಸಲು ಅವಕಾಶ ಕೊಟ್ಟಿತ್ತು. ಅಂಚೆ ಕಚೇರಿಗೆ ಹೋಗಲು ಆಗದಿದ್ದ ದಿನಗಳವು. ಈಗಲೂ ವಾಟ್ಸಾಪ್ ಮಾಡಿ, ಬೇಡ ಅನ್ನುವುದಿಲ್ಲ, ಅದರಿಂದ ಬಾಡಿಗೆದಾರರಿಗೆ ಬೇಗ ಗೊತ್ತಾಗುತ್ತದೆ. ಆದರೆ ಸೆಕ್ಷನ್ 106 ಹೇಳಿದ ದಾರಿಯ ಜೊತೆಗೆ ಮಾಡಿ, ಅದರ ಬದಲಿಗೆ ಅಲ್ಲ. ಎರಡು ನೀಲಿ ಗೆರೆ ಕಂಡಿತು ಅಂತ ದಾವೆ ಹಾಕಬೇಡಿ.

ಭೋಗ್ಯಕ್ಕೆ ಮನೆ ಕೊಟ್ಟವರಿಗೆ ಬೇರೆಯೇ ಕೋರಿಕೆ ಇದೆ. ನೀವು ಕೊಡುವ ನೋಟಿಸ್ ಮಾತ್ರವಲ್ಲ, ನಿಮಗೆ ಬರುವ ನೋಟಿಸನ್ನೂ ಅವರಿಗೆ ತೋರಿಸಿ. ಸಾಲದ ಕಂತು ಬಾಕಿ ಬಿದ್ದಾಗ ಬ್ಯಾಂಕು ಅಡವಿಟ್ಟ ಆಸ್ತಿಯಿಂದ ಸಾಲ ವಸೂಲು ಮಾಡಲು ಇರುವ 2002ರ ಸರ್ಫೇಸಿ ಕಾಯ್ದೆಯ ಕೆಳಗೆ 60 ದಿನಗಳ ನೋಟಿಸ್ ಕಳಿಸುವುದು ಸಾಲಗಾರರಿಗೆ, ಅಂದರೆ ನಿಮಗೆ. ಮನೆಯಲ್ಲಿರುವವರಿಗೆ ಗೊತ್ತಾಗುವುದು ಬ್ಯಾಂಕಿನವರು ಬಾಗಿಲಿಗೆ ಸ್ವಾಧೀನದ ನೋಟಿಸ್ ಅಂಟಿಸಿದ ದಿನ. ಹತ್ತು ಹದಿನೈದು ಲಕ್ಷ, ಬದುಕಿನ ಉಳಿತಾಯವೆಲ್ಲ ನಿಮ್ಮ ಕೈಗಿಟ್ಟು ಬಂದವರು ಅವರು. 2016ರ ತಿದ್ದುಪಡಿಯಿಂದ ಬಾಡಿಗೆ ಹಕ್ಕು ಇರುವವರೂ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬಹುದು. ಆದರೆ ಸಮಯಕ್ಕೆ ಗೊತ್ತಾದರೆ ತಾನೇ ಹೋಗುವುದು? ಆ 60 ದಿನದಲ್ಲಿ ಒಂದು ಮಾತು ಹೇಳದೆ ಇರುವುದು ನೋಟಿಸ್ ತಪ್ಪಿಸುವುದಕ್ಕಿಂತ ದೊಡ್ಡ ದ್ರೋಹ.

ಮನೆ ಮಾರಿದಾಗಲೂ ಹೀಗೆಯೇ. ಇನ್ನು ಮುಂದೆ ಬಾಡಿಗೆ ಯಾರಿಗೆ ಕೊಡಬೇಕು ಅಂತ ಬರಹದಲ್ಲಿ ತಿಳಿಸಿ. ಮಾರಾಟ ಗೊತ್ತಿಲ್ಲದೆ ಹಳೆ ಮಾಲೀಕರಿಗೆ ಬಾಡಿಗೆ ಕಟ್ಟಿದವರು ಅದೇ ಬಾಡಿಗೆಯನ್ನು ಹೊಸಬರಿಗೆ ಎರಡನೇ ಸಲ ಕಟ್ಟಬೇಕಿಲ್ಲ ಅಂತ ಸ್ವತ್ತು ವರ್ಗಾವಣೆ ಕಾಯ್ದೆಯ ಸೆಕ್ಷನ್ 109 ಹೇಳುತ್ತದೆ. ಕೊಂಡವರೂ ಇದನ್ನು ನೆನಪಿಟ್ಟುಕೊಳ್ಳಲಿ.

ಕೊನೆಗೆ ನಮ್ಮ ಹೈಕೋರ್ಟಿಗೆ ಗೌರವದಿಂದ ಒಂದು ವಿನಂತಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಸೆಕ್ಷನ್ 122 ನಿಯಮ ಮಾಡುವ ಅಧಿಕಾರ ಕೊಟ್ಟಿದೆ. ಮನೆ ಖಾಲಿ ಮಾಡಿಸುವ ದಾವೆಗಳಲ್ಲಿ ಮೂರು ಬದಲಾವಣೆ ತನ್ನಿ. ಪೇಪರ್ ಪ್ರಕಟಣೆ ಕೇಳುವ ಮಾಲೀಕರು ಅರ್ಜಿಯ ಜೊತೆ ಪ್ರಮಾಣಪತ್ರ ಕೊಡಲಿ. ಬಾಡಿಗೆದಾರರು ಈಗಲೂ ಅದೇ ಮನೆಯಲ್ಲಿ ಇದ್ದಾರಾ, ಕೊನೆಯ ಬಾಡಿಗೆ ಯಾವತ್ತು ಬಂತು, ಅವರ ಫೋನ್ ನಂಬರ್ ಯಾವುದು, ತಾವು ಎಲ್ಲಿ ವಾಸವಿದ್ದಾರೆ ಅಂತ ಅದರಲ್ಲಿ ಹೇಳಲಿ. ಸುಳ್ಳು ಹೇಳಿದರೆ ಅದಕ್ಕೆ ಅವರೇ ಹೊಣೆ. ಬಾಗಿಲಿಗೆ ಅಂಟಿಸಿದ ವರದಿಗೆ ಸಮಯ ಮತ್ತು ಜಾಗ ತೋರಿಸುವ ಫೋಟೊ ಕಡ್ಡಾಯವಾಗಲಿ, ಕನಿಷ್ಠ ಒಂದು ಪ್ರಯತ್ನ ಸಂಜೆ ಅಥವಾ ರಜಾದಿನ ಆಗಿರಲಿ. ಸಮನ್ಸಿನ ಮೊದಲ ಪುಟದಲ್ಲಿ ಸರಳ ಕನ್ನಡದಲ್ಲಿ ಇದು ಏನು, ಯಾವತ್ತು ಎಲ್ಲಿಗೆ ಬರಬೇಕು, ಉಚಿತ ವಕೀಲರು ಎಲ್ಲಿ ಸಿಗುತ್ತಾರೆ ಅಂತ ದಪ್ಪ ಅಕ್ಷರದಲ್ಲಿ ಇರಲಿ. ಇವಕ್ಕೆ ಹೆಚ್ಚು ಖರ್ಚಿಲ್ಲ. ಜೊತೆಗೆ ಅಮೀನರ ಸಂಖ್ಯೆಯನ್ನೂ ಪ್ರಯಾಣ ಭತ್ಯೆಯನ್ನೂ ಸರ್ಕಾರ ಹೆಚ್ಚಿಸಿದರೆ ಅರ್ಧ ತಕರಾರು ಅಲ್ಲೇ ನಿಲ್ಲುತ್ತದೆ.

ಮಾಲೀಕರೇ, ಈ ನಿಯಮಗಳು ಬರುವವರೆಗೆ ಕಾಯಬೇಕಾಗಿಲ್ಲ ಅಲ್ವಾ. ಈ ವಾರ ನಿಮ್ಮಲ್ಲಿ ಯಾರಾದರೂ ನೋಟಿಸ್ ಕೊಡುವವರಿದ್ದರೆ, ವಕೀಲರ ಆಫೀಸಿನಿಂದ ಕವರ್ ಹೊರಡುವ ಮೊದಲು ವಿಳಾಸವನ್ನು ನೀವೇ ಒಮ್ಮೆ ಓದಿ. ಅಂಚೆಗೆ ಹಾಕಿದ ದಿನವೇ ಇನ್ನೊಂದು ಪ್ರತಿ ಹಿಡಿದು ಅವರ ಬಾಗಿಲಿಗೆ ಹೋಗಿ, ಅವರು ಕೆಲಸದಿಂದ ಬಂದ ಮೇಲೆ.

ಇಂತಿ,
ಬೆಂಗಳೂರಿನ ಒಬ್ಬ ಸಿವಿಲ್ ವಕೀಲೆ